ನೀಟ್ ಓದಿನ ನಡುವೆ ನಾಡಿ ಹಿಡಿದು ನೋಡಿ

ವೈದ್ಯಕೀಯ ಸೀಟಿಗಾಗಿ ಓದುವವರ ಬಿಡುವೆಲ್ಲ ಮೊಬೈಲಿಗೇ ಹೋಗಬೇಕೆಂದೇನಿಲ್ಲ. ಒಂದು ಸ್ಕೇಲು, ಒಂದು ಮೊಳ ದಾರ, ಒಂದು ಬೀಗದ ಕೈ, ಜೊತೆಗೆ ನಮ್ಮದೇ ತೋಳು ಇದ್ದರೆ ಹತ್ತು ನಿಮಿಷಕ್ಕೊಂದು ಪ್ರಯೋಗ ಮುಗಿಯುತ್ತದೆ.

ನೀಟ್ ಎಂದರೆ 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿಯುತ್ತರಕ್ಕೆ ನಾಲ್ಕು ಅಂಕ ಸಿಗುತ್ತದೆ, ತಪ್ಪಿದರೆ ಒಂದು ಹೋಗುತ್ತದೆ. ಕೋವಿಡ್ ಕಾಲದಲ್ಲಿ ಬಂದಿದ್ದ ಐಚ್ಛಿಕ ಪ್ರಶ್ನೆಗಳು ಮತ್ತು ಆಮೇಲೆ ಸೇರಿದ್ದ ಹೆಚ್ಚುವರಿ 20 ನಿಮಿಷ 2025ರಲ್ಲಿ ಹೋದವು. ನೀಟ್ ಪತ್ರಿಕೆ ಮತ್ತೆ ಈ ಹಳೆಯ ಲೆಕ್ಕಕ್ಕೇ ಬಂದಿತು. ಪ್ರಶ್ನೆಗೊಂದೇ ನಿಮಿಷ, ಓಎಂಆರ್ ಹಾಳೆಯ ವೃತ್ತ ತುಂಬುವುದೂ ಅದರೊಳಗೇ.

ಈ ನಿಮಿಷದ ಲೆಕ್ಕ ಪಿಯು ಮೊದಲ ವರ್ಷದಿಂದಲೇ ಮಕ್ಕಳ ದಿನಚರಿಗೆ ಇಳಿಯುತ್ತದೆ. ನಸುಕಿಗೆ ಸ್ಟಡಿ ಅವರ್, ಆಮೇಲೆ ಕಾಲೇಜು, ಸಂಜೆ ಕೋಚಿಂಗ್, ಭಾನುವಾರ ಮಾಕ್ ಟೆಸ್ಟ್. ನಡುವೆ ಸಿಗುವ ಬಿಡುವನ್ನು ಮನೆಯಲ್ಲಿದ್ದವರು ರೀಲ್ಸ್ ನೋಡುತ್ತಾ ಕಳೆಯುತ್ತಾರೆ. ಹಾಸ್ಟೆಲಿನಲ್ಲಿದ್ದವರು ಮಂಚದ ಮೇಲೆ ಬಿದ್ದುಕೊಂಡು ಹೋದ ವಾರ ಕಳೆದುಕೊಂಡ ಅಂಕಗಳನ್ನು ಎಣಿಸುತ್ತಾರೆ. ಎರಡೂ ಮುಗಿದಾಗ ಪುಸ್ತಕದ ಮುಂದೆ ಕೂರುವವರು ಇನ್ನಷ್ಟು ದಣಿದಿರುತ್ತಾರೆ.

ಇನ್ನೊಂದು ದಾರಿಯಿದೆ, ಅದರ ಬಾಗಿಲು ತೆರೆದದ್ದು ಪಠ್ಯಕ್ರಮವೇ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಹಗುರಗೊಳಿಸಿದ ಮೇಲೆ 2024ರಿಂದ ನೀಟ್ ಜೀವವಿಜ್ಞಾನದಲ್ಲಿ ಜೀರ್ಣಕ್ರಿಯೆಯ ಪಾಠವಿಲ್ಲ, ಕಣ್ಣು ಕಿವಿಗಳ ರಚನೆಯೂ ಇಲ್ಲ. ಡಾಕ್ಟರ್ ಆಗಹೊರಟವರು ಅನ್ನ ಹೇಗೆ ಅರಗುತ್ತದೆ, ಕಣ್ಣು ಹೇಗೆ ಕಾಣುತ್ತದೆ ಎಂಬುದನ್ನು ಓದದೆಯೇ ಪ್ರವೇಶ ಪರೀಕ್ಷೆ ದಾಟಬಹುದು. ಎಂಬಿಬಿಎಸ್ ಮೊದಲ ವರ್ಷದ ಶರೀರಕ್ರಿಯಾಶಾಸ್ತ್ರದಲ್ಲಿ ಅವೆಲ್ಲ ಮತ್ತೆ ಎದುರಾಗುತ್ತವೆ. ಅಲ್ಲಿಯವರೆಗೆ ಈ ವಿಷಯಗಳಿಗೆ ಅಂಕವಿಲ್ಲ, ಆದ್ದರಿಂದಲೇ ಅಂಜಿಕೆಯೂ ಇಲ್ಲ. ಬಿಡುವಿನ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಸರಕು ಸಿಗುವುದಿಲ್ಲ.

ಗಂಜಿ, ಚುಕ್ಕಿ, ಸ್ಕೇಲು

ಎರಡು ಲೋಟಗಳಲ್ಲಿ ತೆಳುವಾದ, ಉಗುರು ಬೆಚ್ಚಗಿನ ಗಂಜಿನೀರು ಹಾಕಿ. ಒಂದಕ್ಕೆ ಸ್ವಲ್ಪ ಎಂಜಲು ಸೇರಿಸಿ ಕಲಕಿಡಿ. ಸ್ವಲ್ಪ ಹೊತ್ತು ಬಿಟ್ಟು ಎರಡಕ್ಕೂ ಟಿಂಚರ್ ಅಯೋಡಿನ್ ಒಂದೊಂದು ಹನಿ ಬಿಡಿ. ಬರಿಯ ಗಂಜಿ ಕಡುನೀಲಿಗೆ ತಿರುಗುತ್ತದೆ. ಎಂಜಲು ಬೆರೆತದ್ದರಲ್ಲಿ ಆ ಬಣ್ಣ ಮಂಕಾಗಿರುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಜೊಲ್ಲಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯತ್ತ ಸಾಗಿಸಿರುತ್ತದೆ. ಅನ್ನವನ್ನು ಅಗಿಯುತ್ತಾ ಹೋದರೆ ಸಿಹಿಯಾಗುವುದೇಕೆ ಎಂಬುದಕ್ಕೆ ಉತ್ತರ ಲೋಟದಲ್ಲೇ ಸಿಕ್ಕಿತು. ಅಯೋಡಿನ್ ಬಿದ್ದ ಲೋಟ ಮಾತ್ರ ಅಡುಗೆಮನೆಗೆ ಮರಳಬಾರದು.

ಮುಂದಿನ ಪ್ರಯೋಗಕ್ಕೆ ಕಾಗದ ಸಾಕು. ಎಡಗಡೆ ಒಂದು ಕೂಡುವ ಚಿಹ್ನೆ, ಅದರ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಒಂದು ದಪ್ಪ ಚುಕ್ಕಿ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡುವ ಚಿಹ್ನೆಯನ್ನೇ ನೋಡುತ್ತಾ ಕಾಗದವನ್ನು ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕಿ ಮಾಯವಾಗುತ್ತದೆ, ಇನ್ನೂ ಹತ್ತಿರ ತಂದರೆ ಮತ್ತೆ ಕಾಣುತ್ತದೆ. ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ಅದೇ ಅಂಧಬಿಂದು. ಫ್ರಾನ್ಸಿನ ಎಡ್ಮ್ ಮಾರಿಯೋಟ್ ಇದನ್ನು 1660ರ ದಶಕದಲ್ಲಿ ಪತ್ತೆಹಚ್ಚಿದ. ಚುಕ್ಕಿ ಮರೆಯಾದ ಜಾಗದಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬಿಳಿ ಕಾಗದವೇ ಕಾಣುತ್ತದೆ ಎಂಬುದನ್ನು ಗಮನಿಸಿ. ಆ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಂಡಿದೆ.

ಗೆಳೆಯನೊಬ್ಬ ಜೊತೆಗಿದ್ದರೆ ಸ್ಕೇಲು ಹಿಡಿಯುವ ಆಟವಾಡಿ. ಅವನು 30 ಸೆಂಟಿಮೀಟರ್ ಸ್ಕೇಲನ್ನು ನೆಟ್ಟಗೆ ತೂಗಿ ಹಿಡಿಯಲಿ, ನಿಮ್ಮ ಬೆರಳುಗಳು ಸೊನ್ನೆಯ ಗೆರೆಯ ಎರಡು ಪಕ್ಕ ಇರಲಿ. ಹೇಳದೆ ಬಿಟ್ಟಾಗ ಹಿಡಿಯಬೇಕು. 20 ಸೆಂಟಿಮೀಟರಿನಲ್ಲಿ ಹಿಡಿದರೆ, ಮುಕ್ತ ಪತನದ ಸೂತ್ರದಂತೆ, ನೀವು ತೆಗೆದುಕೊಂಡ ಸಮಯ 0.2 ಸೆಕೆಂಡು. 15ರಲ್ಲಿ ಹಿಡಿದರೆ ಸುಮಾರು 0.175. ಭೌತವಿಜ್ಞಾನದ ಸೂತ್ರವೊಂದು ಕಣ್ಣಿನಿಂದ ಮಿದುಳಿಗೆ, ಮಿದುಳಿನಿಂದ ಬೆರಳಿಗೆ ಸುದ್ದಿ ಮುಟ್ಟುವ ಹೊತ್ತನ್ನು ಅಳೆದುಕೊಟ್ಟಿತು. ನಿದ್ದೆಗೆಟ್ಟ ರಾತ್ರಿಯ ಮರುದಿನ ಇದೇ ಆಟ ಆಡಿ ನೋಡಿ. ನಿದ್ದೆ ಏಕೆ ಬೇಕು ಎಂದು ಯಾರೂ ಉಪದೇಶ ಮಾಡಬೇಕಾಗಿ ಬರಲಿಕ್ಕಿಲ್ಲ.

ಪಾಡುವಾದ ಎರಡು ಪಾಠ

ಇಟಲಿಯ ಪಾಡುವಾ ವಿಶ್ವವಿದ್ಯಾಲಯದಲ್ಲಿ 17ನೇ ಶತಮಾನದ ಆರಂಭದಲ್ಲಿ ಸ್ಯಾಂಟೋರಿಯೊ ಎಂಬ ವೈದ್ಯ ಪಾಠ ಹೇಳುತ್ತಿದ್ದ. ಆಗ ಸೆಕೆಂಡು ತೋರಿಸುವ ಗಡಿಯಾರ ವೈದ್ಯರ ಕೈಯಲ್ಲಿರಲಿಲ್ಲ. ಆತ ದಾರಕ್ಕೆ ಗುಂಡು ಕಟ್ಟಿ, ಅದರ ತೂಗಾಟ ರೋಗಿಯ ನಾಡಿಗೆ ಹೊಂದುವವರೆಗೆ ದಾರವನ್ನು ಉದ್ದ ಗಿಡ್ಡ ಮಾಡುತ್ತಿದ್ದ. ಹೊಂದಿದಾಗಿನ ದಾರದ ಉದ್ದವೇ ನಾಡಿಯ ಅಳತೆ.

ಇದನ್ನು ಇಂದು ಬೀಗದ ಕೈಯಿಂದ ಮಾಡಬಹುದು. 25 ಸೆಂಟಿಮೀಟರ್ ದಾರದ ಲೋಲಕ ಹೋಗಿ ಬರಲು ಒಂದು ಸೆಕೆಂಡು ಬೇಕು, ಅಂದರೆ ನಿಮಿಷಕ್ಕೆ 60 ಸಲ. ನಾಡಿ 72 ಇದ್ದವರು ದಾರವನ್ನು ಸುಮಾರು 17 ಸೆಂಟಿಮೀಟರಿಗೆ ಇಳಿಸಬೇಕು. ಮೆಟ್ಟಿಲು ಹತ್ತಿಳಿದು ಬಂದು ಮತ್ತೆ ಹೊಂದಿಸಿ ನೋಡಿ, ದಾರ ಇನ್ನೂ ಗಿಡ್ಡವಾಗಬೇಕಾಗುತ್ತದೆ. ಆಂದೋಲನದ ಪಾಠದಲ್ಲಿ ಉರುಹೊಡೆದ ಸೂತ್ರ ಆಮೇಲೆ ಮರೆಯುವುದು ಕಷ್ಟ.

ಅದೇ ಪಾಡುವಾದಲ್ಲಿ ಫ್ಯಾಬ್ರಿಸಿಯಸ್ ಅಭಿಧಮನಿಗಳೊಳಗಿನ ಕವಾಟಗಳ ಬಗ್ಗೆ 1603ರಲ್ಲಿ ಬರೆದಿದ್ದ. ರಕ್ತ ಕೈಕಾಲಿಗೆ ಒಮ್ಮೆಲೇ ನುಗ್ಗದಂತೆ ಅವು ತಡೆಯುತ್ತವೆ ಎಂದು ಆತ ಎಣಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ ತೋಳಿಗೆ ಪಟ್ಟಿ ಕಟ್ಟಿ, ಬೆರಳಿನಿಂದ ಒತ್ತಿ ನೋಡಿದ. ನೀವೂ ನೋಡಬಹುದು. ಮೊಣಕೈ ಮೇಲೆ ಬಟ್ಟೆಯನ್ನು ಹದವಾಗಿ ಬಿಗಿದು ಮುಷ್ಟಿ ಹಿಡಿದರೆ ಅಭಿಧಮನಿ ಉಬ್ಬುತ್ತದೆ, ಅಲ್ಲಲ್ಲಿ ಗಂಟುಗಳು ಕಾಣುತ್ತವೆ. ಗಂಟಿನ ಕೆಳಗೆ, ಅಂಗೈ ಕಡೆಗೆ, ಒಂದು ಬೆರಳು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಗಂಟಿನಾಚೆ ಮೇಲಕ್ಕೆ ಸವರಿ, ಆ ಬೆರಳನ್ನು ಎತ್ತಿಬಿಡಿ. ರಕ್ತ ಗಂಟಿನವರೆಗೆ ಬಂದು ನಿಲ್ಲುತ್ತದೆ, ಕೆಳಗಿನ ಅಭಿಧಮನಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಕೆಳಗಿನ ಬೆರಳು ತೆಗೆದ ಕೂಡಲೇ ತುಂಬಿಕೊಳ್ಳುತ್ತದೆ. ಅಭಿಧಮನಿಗಳಲ್ಲಿ ರಕ್ತ ಹರಿಯುವುದು ಹೃದಯದ ಕಡೆಗೆ ಮಾತ್ರ ಎಂದು ಹಾರ್ವೆ 1628ರ ಪುಸ್ತಕದಲ್ಲಿ ಚಿತ್ರ ಸಮೇತ ತೋರಿಸಿದ. ಕಟ್ಟನ್ನು ಒಂದು ನಿಮಿಷದೊಳಗೆ ಬಿಚ್ಚಿಬಿಡಬೇಕು.

ಗುರು ಶಿಷ್ಯರಿಬ್ಬರೂ ಕಂಡದ್ದು ಅದೇ ಕವಾಟ. ಶಿಷ್ಯ ಒತ್ತಿ ನೋಡಿದ್ದರಿಂದ ಉತ್ತರ ಬದಲಾಯಿತು. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಗೆ ಈ ಗುಣವನ್ನು ಅಳೆಯುವ ದಾರಿಯಿಲ್ಲ. ರೋಗಿಯ ಹೊಟ್ಟೆ ಒತ್ತಿ ನೋಡುವ ದಿನ ಬಂದಾಗ ಬೇಕಾಗುವುದು ಇದೇ.

ಬಿಡುವು ಬಿಡುವಾಗಿಯೇ ಇರಲಿ

ಇದನ್ನೂ ಟೈಮ್‌ಟೇಬಲ್ಲಿಗೆ ಸೇರಿಸಿ, ವಾರಕ್ಕಿಷ್ಟು ಪ್ರಯೋಗ ಎಂದು ಗುರಿ ಹಾಕಿದರೆ ಅದು ಮತ್ತೊಂದು ಟ್ಯೂಷನ್ ಆಗುತ್ತದೆ. ಅಂಕ ಬೇಡ, ದಾಖಲೆ ಪುಸ್ತಕ ಬೇಡ, ಫಲಿತಾಂಶ ಬರದಿದ್ದರೆ ನಕ್ಕು ಏಳಬೇಕು. ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ. ವಿಜ್ಞಾನದ ಹೆಸರೇ ಬೇಡ ಎನಿಸಿದ ದಿನ ಶಟಲ್ ಆಡಿ, ಇಲ್ಲವೇ ಮಲಗಿ.

ಮರಳಿ ಕುಳಿತಾಗ ಪುಸ್ತಕ ತೆರೆಯುವ ಮೊದಲು, ಬಿಡುವಿಗೆ ಮುಂಚೆ ಓದಿದ್ದರಲ್ಲಿ ನೆನಪಿರುವುದನ್ನು ಬಿಳಿ ಹಾಳೆಯ ಮೇಲೆ ಬರೆದುಕೊಳ್ಳಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದವರು ಅವರನ್ನು ಹಿಂದಿಕ್ಕಿದರು.

ಮಾಕ್ ಟೆಸ್ಟ್ ಇಲ್ಲದ ಅಪರೂಪದ ಭಾನುವಾರಕ್ಕೋ ದಸರೆ ರಜೆಗೋ ಸ್ವಲ್ಪ ದೂರದ ತಿರುಗಾಟವೂ ಆಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಾನವ ಮಿದುಳನ್ನು ಮುಟ್ಟಿ ನೋಡಬಹುದು. ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿ ಹೋಗಬೇಕು. ಕರಾವಳಿಯವರಿಗೆ ಮಣಿಪಾಲದ ಅಂಗರಚನಾ ಸಂಗ್ರಹಾಲಯವಿದೆ, ಮಂಗಳೂರಿನ ಪಿಲಿಕುಳ ವಿಜ್ಞಾನ ಕೇಂದ್ರವಿದೆ. ದೂರ ಹೋಗಲಾಗದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಸಾಕು.

ಪ್ರತಿವರ್ಷ 20 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆಯುತ್ತಾರೆ. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು 1.2 ಲಕ್ಷಕ್ಕಿಂತ ತುಸು ಹೆಚ್ಚು. ಬರೆದವರಲ್ಲಿ ಬಹುಪಾಲು ಮಂದಿಗೆ ಸೀಟು ಸಿಗುವುದಿಲ್ಲ. ಅವರು ನರ್ಸಿಂಗ್, ಫಾರ್ಮಸಿ, ಬಿಎಸ್ಸಿ, ಕೃಷಿ ವಿಜ್ಞಾನ ಹೀಗೆ ಬೇರೆ ಬೇರೆ ಕಡೆ ಹೋಗುತ್ತಾರೆ. ಎರಡು ವರ್ಷ ಬರಿಯ ಆಯ್ಕೆ ಗುರುತಿಸಿ ಕಲಿತವರಿಗೆ ಅಲ್ಲಿ ರ‍್ಯಾಂಕಿನ ಬೇಸರವೇ ಉಳಿಯುತ್ತದೆ. ಬಿಡುವಿನಲ್ಲಿ ಗಂಜಿಗೆ ಅಯೋಡಿನ್ ಬಿಟ್ಟು ನೋಡಿದವರು ಯಾವ ಪ್ರಯೋಗಾಲಯಕ್ಕೆ ಹೋದರೂ ಹೊಸಬರಾಗುವುದಿಲ್ಲ. ಆದ್ದರಿಂದ ಓದುತ್ತಿರಬೇಕಾದ ಮಗಳು ದಾರಕ್ಕೆ ಬೀಗದ ಕೈ ಕಟ್ಟಿ ತೂಗಾಡಿಸುತ್ತಾ ಕುಳಿತಿದ್ದರೆ, ಅಪ್ಪ ಅಮ್ಮ ಗದರುವ ಬದಲು ತಮ್ಮ ಮಣಿಕಟ್ಟನ್ನೂ ಅವಳ ಮುಂದೆ ಚಾಚಬಹುದು.