ಪಾಸಿಟಿವ್ ಅಂದರೆ ಒಳ್ಳೆಯದೋ, ಕೆಟ್ಟದ್ದೋ?

ರಕ್ತ ಕೊಟ್ಟು ಬಂದ ಮರುದಿನ ಲ್ಯಾಬ್ ಕೌಂಟರಿನಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ಅದರ ತುಂಬ ಏನೇನೋ ಹೆಸರು, ಏನೇನೋ ಅಂಕಿ. ಕಣ್ಣು ಹುಡುಕುವುದು ಮಾತ್ರ ಎರಡೇ ಪದಗಳನ್ನು: ಪಾಸಿಟಿವ್, ಇಲ್ಲವೇ ನೆಗೆಟಿವ್. ಇಂಗ್ಲಿಷ್ ಓದಲು ಬಾರದವರ ಬಾಯಲ್ಲೂ ಈ ಪದಗಳು ಸಲೀಸಾಗಿ ಓಡಾಡುತ್ತವೆ. ಹಳ್ಳಿಯ ಅಜ್ಜಿಯೂ ‘ಮೊಮ್ಮಗಂದು ನೆಗೆಟಿವ್ ಬಂತಂತೆ’ ಎಂದು ನೆರೆಮನೆಗೆ ಸುದ್ದಿ ಮುಟ್ಟಿಸುತ್ತಾರೆ. ಗೊತ್ತಿರುವ ಪದ ಅನ್ನಿಸುವುದರಿಂದಲೇ ಯಾರೂ ಅದರ ಅರ್ಥ ಕೇಳಲು ಹೋಗುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದ.

ಯಾಕೆಂದರೆ ಈ ಪದ ನಮ್ಮ ದಿನನಿತ್ಯದ ಮಾತಿಗೆ ಬಂದದ್ದು ಬೇರೆ ದಾರಿಯಲ್ಲಿ. ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ‘ದಿ ಪವರ್ ಆಫ್ ಪಾಸಿಟಿವ್ ಥಿಂಕಿಂಗ್’ ಎಂಬ ಪುಸ್ತಕ ಬರೆದರು. ಅಂಥ ಪುಸ್ತಕಗಳು, ವ್ಯಕ್ತಿತ್ವ ವಿಕಸನದ ಶಿಬಿರಗಳು, ಈಗ ಬೆಳಗೆದ್ದರೆ ಬರುವ ವಾಟ್ಸ್‌ಆ್ಯಪ್ ಶುಭಾಶಯಗಳು ಸೇರಿ ‘ಪಾಸಿಟಿವ್ ಆಗಿರಿ’ ಎಂಬುದನ್ನು ಮನೆಮಾತು ಮಾಡಿದವು. ಸಿನಿಮಾ ಪುಟ ತೆರೆದರೆ ಖಳನ ಪಾತ್ರಕ್ಕೆ ‘ನೆಗೆಟಿವ್ ಶೇಡ್’. ಹೀಗೆ ಒಳ್ಳೆಯದೆಲ್ಲ ಪಾಸಿಟಿವ್, ಕೆಟ್ಟದ್ದೆಲ್ಲ ನೆಗೆಟಿವ್ ಎಂಬ ಲೆಕ್ಕ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅದೇ ಲೆಕ್ಕ ಹಿಡಿದು ಲ್ಯಾಬಿನ ಹಾಳೆ ಓದಿದರೆ ಅರ್ಥ ಬುಡಮೇಲಾಗುತ್ತದೆ.

ಪದದ ಮೂಲದಲ್ಲಿ ಒಳಿತು ಕೆಡುಕಿನ ಮಾತೇ ಇಲ್ಲ. ಲ್ಯಾಟಿನ್‌ನಲ್ಲಿ ಅದಕ್ಕೆ ‘ಇಟ್ಟದ್ದು, ನೆಲೆಗೊಳಿಸಿದ್ದು’ ಎಂಬ ಅರ್ಥ. ಕಾನೂನು ಓದಿದವರು ‘ಪಾಸಿಟಿವ್ ಲಾ’ ಎನ್ನುವುದು ಈ ಅರ್ಥದಲ್ಲೇ: ಮನುಷ್ಯರು ಮಾಡಿಟ್ಟ ಕಾನೂನು ಎಂದಷ್ಟೆ. ಅದು ನ್ಯಾಯವಾದದ್ದೇ ಎಂಬ ಭರವಸೆ ಆ ಹೆಸರಿನಲ್ಲಿಲ್ಲ.

ಗಣಿತದಲ್ಲಿ ನಮ್ಮದೇ ಹಳೆಯ ಜೋಡಿಪದವಿದೆ: ಧನ, ಋಣ. ಬ್ರಹ್ಮಗುಪ್ತ 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದಾಗ ಸೊನ್ನೆಗಿಂತ ಮೇಲಿನದನ್ನು ಧನವೆಂದೂ ಕೆಳಗಿನದನ್ನು ಋಣವೆಂದೂ ಕರೆದು, ಅವುಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬ ಸೂತ್ರ ಅಲ್ಲೇ ಇದೆ. ಅವನಾದ ಸುಮಾರು ಎರಡು ಶತಮಾನಗಳಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಖಚಿತವಾಗಿ ಹೇಳಿದ. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡವೇ ನೃಪತುಂಗನ ರಾಜಧಾನಿ. ಈಗಲೂ ಕನ್ನಡ ಶಾಲೆಯ ಮಕ್ಕಳು ಕಲಿಯುವುದು ಧನಸಂಖ್ಯೆ, ಋಣಸಂಖ್ಯೆ ಎಂದೇ. ಇಲ್ಲಿ ಋಣ ಎಂದರೆ ಪಾಪವಲ್ಲ. ಲೆಕ್ಕದ ಒಂದು ದಿಕ್ಕು.

ವಿದ್ಯುತ್ತಿನ ಕಥೆ ಇನ್ನೂ ಸ್ವಾರಸ್ಯದ್ದು. ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ 1747ರ ಹೊತ್ತಿಗೆ ವಿದ್ಯುತ್ತನ್ನು ಒಂದು ಬಗೆಯ ದ್ರವವೆಂದು ಭಾವಿಸಿ, ಅದು ಹೆಚ್ಚಿರುವ ಕಡೆಯನ್ನು ಪಾಸಿಟಿವ್ ಎಂದೂ ಕಡಿಮೆಯಿರುವ ಕಡೆಯನ್ನು ನೆಗೆಟಿವ್ ಎಂದೂ ಕರೆದರು. ಯಾವ ಕಡೆ ಹೆಚ್ಚಿದೆ ಎಂದು ನೋಡಿ ತಿಳಿಯುವ ದಾರಿ ಆಗ ಇರಲಿಲ್ಲ; ಊಹಿಸಿದರು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದ ಮೇಲೆ, ತಂತಿಯಲ್ಲಿ ನಿಜವಾಗಿ ಹರಿಯುವ ಕಣದ ಮೇಲಿರುವುದು ನೆಗೆಟಿವ್ ಆವೇಶ ಎಂದು ತಿಳಿಯಿತು. ಅಷ್ಟರಲ್ಲಿ ಒಂದೂವರೆ ಶತಮಾನದ ಪುಸ್ತಕಗಳು, ನಕ್ಷೆಗಳು ಫ್ರಾಂಕ್ಲಿನ್ ಹೆಸರಿಟ್ಟ ಹಾಗೇ ಬರೆದಾಗಿತ್ತು. ಇಂದಿಗೂ ಪಿಯುಸಿ ಪುಸ್ತಕದ ಚಿತ್ರದಲ್ಲಿ ವಿದ್ಯುತ್ ಪ್ರವಾಹದ ಬಾಣ ಒಂದು ಕಡೆಗೆ, ಎಲೆಕ್ಟ್ರಾನ್ ಹರಿಯುವುದು ಇನ್ನೊಂದು ಕಡೆಗೆ. ಟಾರ್ಚಿನ ಸೆಲ್ಲಿನ ಯಾವ ತುದಿಗೆ ಯಾವ ಹೆಸರು ಎಂಬುದು ಬರೀ ಒಪ್ಪಂದ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೆಲವು ಕ್ಷೇತ್ರಗಳಲ್ಲಂತೂ ಪಾಸಿಟಿವ್ ಎಂದರೆ ಗಾಬರಿಯಾಗಬೇಕಾದ ಸಂಗತಿ. ಸಭೆಯಲ್ಲಿ ಮೈಕು ಕಿವಿಗಡಚಿಕ್ಕುವಂತೆ ಕೂಗುತ್ತದಲ್ಲ, ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಹಿಗ್ಗುತ್ತಾ ಹೋಗುವ ಅದಕ್ಕೆ ಎಂಜಿನಿಯರುಗಳ ಹೆಸರು ಪಾಸಿಟಿವ್ ಫೀಡ್‌ಬ್ಯಾಕ್. ಹವಾಮಾನ ವಿಜ್ಞಾನಿಗಳೂ ಇದೇ ಪದ ಬಳಸುತ್ತಾರೆ. ಉತ್ತರ ಧ್ರುವದ ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಹಿಮ ಕರಗಿದರೆ ಕೆಳಗಿನ ಕಪ್ಪು ಕಡಲು ಆ ಬಿಸಿಲನ್ನು ಹೀರಿಕೊಳ್ಳುತ್ತದೆ. ಕಡಲು ಕಾದಷ್ಟೂ ಮತ್ತಷ್ಟು ಹಿಮ ಕರಗುತ್ತದೆ. ಅವರ ವರದಿಯಲ್ಲಿ ‘ಪಾಸಿಟಿವ್’ ಎಂದು ಓದಿ ಸಮಾಧಾನಪಟ್ಟುಕೊಂಡರೆ ಭೂಮಿಯ ಸ್ಥಿತಿಯನ್ನೇ ತಪ್ಪು ತಿಳಿದಂತೆ.

ಇಷ್ಟೆಲ್ಲದರಲ್ಲಿ ಬದುಕಿಗೆ ನೇರವಾಗಿ ತಾಗುವುದು ಲ್ಯಾಬಿನ ಪಾಸಿಟಿವ್. ಅಲ್ಲಿ ಅದಕ್ಕೆ ಒಂದೇ ಅರ್ಥ: ಹುಡುಕಿದ್ದು ಕಂಡಿತು. ನೆಗೆಟಿವ್ ಎಂದರೆ ಕಾಣಲಿಲ್ಲ. ಕಂಡದ್ದು ಸಂತೋಷದ್ದೋ ದುಃಖದ್ದೋ ಎಂದು ಹಾಳೆ ಹೇಳುವುದಿಲ್ಲ. ಮದುವೆಯಾಗಿ ವರ್ಷಗಟ್ಟಲೆ ಕಾದ ದಂಪತಿಗೆ ಗರ್ಭಪರೀಕ್ಷೆಯ ಪಾಸಿಟಿವ್ ಹಬ್ಬ. ಕಫ ಪರೀಕ್ಷೆಯಲ್ಲಿ ಕ್ಷಯದ ಪಾಸಿಟಿವ್ ಬಂದರೆ ಆರು ತಿಂಗಳ ಮಾತ್ರೆ.

ರಕ್ತದ ಗುಂಪಿನಲ್ಲಿ ಇದೇ ಪದಗಳು ಮಾಡುವ ನೋವು ನನ್ನನ್ನು ಬಹಳ ಕಾಡುತ್ತದೆ. ಕಾರ್ಲ್ ಲ್ಯಾಂಡ್‌ಸ್ಟೀನರ್ ಮತ್ತು ಅಲೆಕ್ಸಾಂಡರ್ ವೀನರ್ 1940ರಲ್ಲಿ ಆರ್‌ಎಚ್ ಅಂಶವನ್ನು ಕುರಿತು ಬರೆದರು. ಅದು ಕೆಂಪು ರಕ್ತಕಣದ ಮೇಲ್ಮೈಯಲ್ಲಿರುವ ಒಂದು ಪ್ರೋಟೀನು. ಅದಿದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮ ದೇಶದಲ್ಲಿ 100ಕ್ಕೆ ಸುಮಾರು 5 ಮಂದಿ ನೆಗೆಟಿವ್. ಅವರ ರಕ್ತದಲ್ಲಿ ದೋಷವೇನೂ ಇಲ್ಲ. ಆದರೂ ಹೆಣ್ಣುಮಗಳ ರಕ್ತ ‘ನೆಗೆಟಿವ್’ ಎಂದು ಕೇಳಿದ ತಕ್ಷಣ ಮನೆಯ ಹಿರಿಯರ ಮುಖ ಬಾಡುತ್ತದೆ. ಮದುವೆ ಮಾತುಕತೆಯಲ್ಲೂ ಆ ಅಳುಕು ಇಣುಕುತ್ತದೆ. ಗಮನಿಸಬೇಕಾದ ವಿಷಯ ಒಂದಿದೆ ನಿಜ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿ, ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ; ಮುಂದಿನ ಮಗುವಿನ ರಕ್ತಕಣಗಳನ್ನು ಆ ಪ್ರತಿಕಾಯಗಳು ನಾಶಮಾಡಬಹುದು. ಇದನ್ನು ತಡೆಯಲು ‘ಆ್ಯಂಟಿ-ಡಿ’ ಚುಚ್ಚುಮದ್ದು ಇದೆ. ಗರ್ಭಿಣಿಗೆ 28ನೇ ವಾರದ ಸುಮಾರಿಗೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದಾಗಲೂ ವೈದ್ಯರನ್ನು ಕೇಳಲೇಬೇಕು. ಆ ಮನೆಯವರಿಗೆ ಬೇಕಾದದ್ದು ಈ ನಾಲ್ಕು ಮಾತು. ಸಿಗುವುದು ಮಾತ್ರ ‘ನೆಗೆಟಿವ್’ ಎಂಬ ಒಂದು ಪದ, ಅದರ ಬೆನ್ನಿಗೆ ಭಯ.

ಇನ್ನೊಂದು ಸಂಗತಿ ಇನ್ನೂ ಕಡಿಮೆ ಜನಕ್ಕೆ ಗೊತ್ತು: ಪಾಸಿಟಿವ್ ಬಂದವರಿಗೆಲ್ಲ ರೋಗ ಇರುವುದಿಲ್ಲ. ಒಂದು ಲೆಕ್ಕ ಹಾಕೋಣ. 10,000 ಜನರಿರುವ ಊರಿನಲ್ಲಿ 100 ಮಂದಿಗೆ ಒಂದು ಕಾಯಿಲೆ ಇದೆ ಎನ್ನಿ. ಕಾಯಿಲೆ ಇರುವ 100 ಜನರಲ್ಲಿ 90 ಮಂದಿಯನ್ನು ಹಿಡಿಯುವ, ಆರೋಗ್ಯವಂತ 100 ಜನರಲ್ಲಿ 5 ಮಂದಿಯನ್ನು ತಪ್ಪಾಗಿ ಪಾಸಿಟಿವ್ ಎನ್ನುವ ಒಂದು ಪರೀಕ್ಷೆ ನಮ್ಮಲ್ಲಿದೆ. ಊರಿಗೆಲ್ಲ ಪರೀಕ್ಷೆ ಮಾಡಿದರೆ ರೋಗಿಗಳಲ್ಲಿ 90 ಮಂದಿ ಪಾಸಿಟಿವ್, ಆರೋಗ್ಯವಂತ 9,900 ಜನರಲ್ಲಿ 495 ಮಂದಿಯೂ ಪಾಸಿಟಿವ್. ಒಟ್ಟು 585ರಲ್ಲಿ ನಿಜವಾದ ರೋಗಿಗಳು 90, ಅಂದರೆ ಆರೇಳು ಮಂದಿಗೆ ಒಬ್ಬರು. ಅತ್ತ 10 ರೋಗಿಗಳು ನೆಗೆಟಿವ್ ಹಾಳೆ ಹಿಡಿದು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಅದಕ್ಕಾಗಿಯೇ ಮೊದಲ ತಪಾಸಣೆಯ ಮೇಲೆ ಖಚಿತಪಡಿಸುವ ಎರಡನೇ ಪರೀಕ್ಷೆ ಇರುವುದು. ಎಚ್‌ಐವಿ ವಿಷಯದಲ್ಲಿ ಸರ್ಕಾರಿ ಕೇಂದ್ರಗಳು ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಬಾರಿ ಪರೀಕ್ಷಿಸಿದ ಮೇಲಷ್ಟೇ ಪಾಸಿಟಿವ್ ಎನ್ನುತ್ತವೆ.

ಎಚ್‌ಐವಿಯಿಂದ ನಾವು ಕಲಿತದ್ದು ಇದೊಂದೇ ಅಲ್ಲ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನಿತಿ ಸಾಲೊಮನ್ ಅವರ ತಂಡ ದೇಶದ ಮೊದಲ ಸೋಂಕುಗಳನ್ನು ಪತ್ತೆಮಾಡಿತು. ಆಮೇಲಿನ ವರ್ಷಗಳಲ್ಲಿ ‘ಪಾಸಿಟಿವ್’ ಎಂಬ ಒಂದು ಪದದಿಂದ ಎಷ್ಟೋ ಜನ ಮನೆ, ಕೆಲಸ, ಮಕ್ಕಳ ಶಾಲೆ ಕಳೆದುಕೊಂಡರು. ಬರೀ ಹಾಳೆ ಕೊಟ್ಟು ಕಳಿಸುವುದು ಕ್ರೌರ್ಯ ಎಂದು ಅರಿವಾದ ಮೇಲೆ ಪರೀಕ್ಷೆಗೆ ಮುಂಚೆ ಮತ್ತು ನಂತರ ಕೂತು ಮಾತಾಡುವ ಆಪ್ತ ಸಮಾಲೋಚಕರು ಬಂದರು. 2017ರ ಎಚ್‌ಐವಿ ಕಾಯ್ದೆ ಆ ಸಮಾಲೋಚನೆಯನ್ನೂ ಗೋಪ್ಯತೆಯನ್ನೂ ಹಕ್ಕಾಗಿ ಮಾಡಿತು. ಒಂದು ಕಾಯಿಲೆಗೆ ಸಾಧ್ಯವಾದದ್ದು ಉಳಿದವಕ್ಕೆ ಯಾಕಾಗಬಾರದು?

ಹಾಳೆಯ ಮಾತನ್ನು ಬಿಡಿಸಿ ಹೇಳುವುದು ಕನ್ನಡಕ್ಕೆ ಕಷ್ಟದ ಕೆಲಸವೂ ಅಲ್ಲ. 2020ರಲ್ಲಿ ಕೊರೊನಾ ಬಂದಾಗ ನಮ್ಮ ಪತ್ರಿಕೆಗಳು ‘ಸೋಂಕು ದೃಢ’, ‘ಸೋಂಕಿತರು’, ‘ಗುಣಮುಖ’ ಎಂದು ಬರೆದವು, ಓದುಗರಿಗೆ ತಕ್ಷಣ ಅರ್ಥವಾಯಿತು. ನನ್ನ ಮಟ್ಟಿಗೆ ಲ್ಯಾಬಿನ ಹಾಳೆಗೆ ‘ಕಂಡುಬಂದಿದೆ’, ‘ಕಂಡುಬಂದಿಲ್ಲ’ ಎಂಬುದೇ ಇನ್ನೂ ಸರಿಯಾದ ಮಾತು. ಮೊದಲ ಪರೀಕ್ಷೆಯಲ್ಲಿ ಎಲ್ಲವೂ ದೃಢಪಡುವುದಿಲ್ಲವಲ್ಲ. ಪಾಸಿಟಿವ್ ಪದದ ಕೆಳಗೆ ಈ ಒಂದು ಸಾಲು, ಅದರ ಪಕ್ಕದಲ್ಲಿ ಮುಂದೇನು ಮಾಡಬೇಕೆಂಬ ಇನ್ನೊಂದು ಸಾಲು ಅಚ್ಚಾದರೆ ಸಾಕು. ಖರ್ಚು ಏನೂ ಇಲ್ಲ.

ರಾಜ್ಯದ ಲ್ಯಾಬುಗಳು ಮತ್ತು ಆರೋಗ್ಯ ಇಲಾಖೆ ಇದನ್ನು ಮಾಡಬೇಕು. ಅಲ್ಲಿಯವರೆಗೆ, ಹಾಳೆ ಕೈಗೆ ಬಂದಾಗ ಸಂಕೋಚಪಡದೆ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ನೀವು ಹುಡುಕಿದ್ದು ಏನನ್ನು? ಅದು ಕಂಡಿತೇ? ಖಚಿತಪಡಿಸಲು ಇನ್ನೊಂದು ಪರೀಕ್ಷೆ ಬೇಕೇ?