ಹಾಳೆ ಗಾಡಿಯ ಕಾನೂನು

ತೋಟದಲ್ಲಿ ‘ದಪ್’ ಎಂದು ಸದ್ದಾದರೆ ಸಾಕು, ಸಿದ್ದಾಪುರ ಕಡೆಯ ಈ ಮನೆಯ ಮಕ್ಕಳು ಜಗಲಿಯಿಂದ ಎದ್ದೋಡುತ್ತವೆ. ಬಿದ್ದದ್ದು ಅಡಿಕೆ ಸೋಗೆ. ಬುಡದ ಅಗಲ ಹಾಳೆಯೇ ಸೀಟು, ತುದಿಯ ಸೋಗೆಯೇ ಹಗ್ಗ. ಬೇಸಿಗೆ ರಜೆಗೆ ಶಿರಸಿ, ಯಲ್ಲಾಪುರದಿಂದ ಬಂದ ನೆಂಟರ ಮಕ್ಕಳೂ ಸೇರಿ ಎಂಟು ಜನ, ನಾಲ್ಕು ಗಾಡಿ. ಕೊಟ್ಟಿಗೆ ಮೂಲೆಯಿಂದ ಹೊರಟು ತುಳಸಿಕಟ್ಟೆ ಸುತ್ತಿ ವಾಪಸು ಬರಬೇಕು.

ಸಗಣಿ ಸಾರಿಸಿದ ಅಂಗಳದಲ್ಲಿ ಹಾಳೆ ಸರ್ರನೆ ಜಾರುತ್ತದೆ. ಕೂತವನು ಹಾಳೆಯ ಎರಡೂ ಅಂಚನ್ನು ಹಿಡಿದು ಮೊಣಕಾಲು ಮಡಚಿಕೊಂಡಿದ್ದಾನೆ. ಕಟ್ಟೆಯ ತಿರುವಿನಲ್ಲಿ ಗಾಡಿ ಒಂದು ಕಡೆ, ಸವಾರ ಒಂದು ಕಡೆ. ಚಡ್ಡಿಯ ಗತಿ ಹೇಳುವುದು ಬೇಡ.

ಅಷ್ಟರಲ್ಲಿ ಜಗಳ. ಒಬ್ಬ ತನ್ನ ಹಾಳೆಯನ್ನು ಬಚ್ಚಲಲ್ಲಿ ನೆನೆಸಿ ತಂದಿದ್ದಾನೆ, ಇನ್ನಷ್ಟು ಜಾರಲಿ ಅಂತ. “ಅದೆಲ್ಲ ಆಗ್ತಿಲ್ಲೆ! ಬಿದ್ದದ್ದು ಹ್ಯಾಂಗಿದ್ದೋ ಹಾಂಗೇ ತರವು!”

ಕಾರ್ ರೇಸಿನವರೂ ಕೊನೆಗೆ ಬಂದು ನಿಂತದ್ದು ಈ ಮಾತಿಗೇ. ದುಡ್ಡಿದ್ದವನೇ ಗೆಲ್ಲುವುದಾದರೆ ಉಳಿದವರು ಯಾಕೆ ಬರಬೇಕು? ಅಮೆರಿಕದಲ್ಲಿ 1963ರಲ್ಲಿ ಮಾನ್ಯತೆ ಪಡೆದ ‘ಫಾರ್ಮುಲಾ ವೀ’ಯಲ್ಲಿ ಎಲ್ಲರಿಗೂ ಫೋಕ್ಸ್‌ವ್ಯಾಗನ್ ಬೀಟಲ್‌ನ 1200 ಸಿಸಿ ಇಂಜಿನ್, ಅದರದೇ ಗೇರ್‌ಬಾಕ್ಸ್, ಅದರದೇ ಬ್ರೇಕು. ಇಂಗ್ಲೆಂಡಿನಲ್ಲಿ 1967ರಲ್ಲಿ ಶುರುವಾದ ಫಾರ್ಮುಲಾ ಫೋರ್ಡ್ ಕಾರಿನ ಬೆಲೆಗೇ ಮಿತಿ ಹಾಕಿತು: ಸಾವಿರ ಪೌಂಡು.

ನಮ್ಮಲ್ಲಿ ಈ ಹಾದಿ ಹಿಡಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಶಿರಸಿ ಪೇಟೆಗೆ ಅಡಿಕೆ ಚೀಲ ಹೊತ್ತು ಹೋಗಿಬರುತ್ತಿದ್ದ ಮಾರುತಿ 800 ನೆನಪಿದೆಯಲ್ಲ? ಅದರ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನನ್ನೇ ಒಂಟಿ ಸೀಟಿನ ರೇಸ್ ಕಾರಿಗೆ ಕೂರಿಸಿದರು. ಅದೇ ಫಾರ್ಮುಲಾ ಮಾರುತಿ. ಯಾವ ಊರಿನ ಗ್ಯಾರೇಜಿನಲ್ಲೂ ಬಿಚ್ಚಿ ಗೊತ್ತಿದ್ದ ಇಂಜಿನ್ ಅದು. ನಾರಾಯಣ್ ಕಾರ್ತಿಕೇಯನ್ ಅಂಥ ಕಾರಿನಲ್ಲಿ ಕೈ ಪಳಗಿಸಿಕೊಂಡು, 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದರು.

ಆದರೂ ಈ ಅಂಗಳದ ಒಂದು ಕಾನೂನಿನ ಮುಂದೆ ಅವೆಲ್ಲ ಸಪ್ಪೆ ಅನ್ನಿಸುತ್ತದೆ ನನಗೆ. ದಾಂಡಿಗ ಎಳೆದು ಪುಟಾಣಿ ಕೂತರೆ ಗೆದ್ದಂತೆಯೇ ಅಲ್ಲವೇ? ಅದಕ್ಕೇ ಹೋಗುವಾಗ ಎಳೆದವನು ಬರುವಾಗ ಕೂರಬೇಕು. ಈಗ ಐದು ವರ್ಷದ ಪುಟ್ಟಿಯೊಬ್ಬಳು ಸೋಗೆಯನ್ನು ಹೆಗಲಿಗೆ ಹಾಕಿಕೊಂಡು ಹೈಸ್ಕೂಲಿನ ಅಣ್ಣನನ್ನು ಎಳೆಯುತ್ತಿದ್ದಾಳೆ. ಗಾಡಿ ಗೇಣು ಕದಲಿದೆ.

ಹಾಳೆ ನೆನೆಸಿದವನು ಅದನ್ನು ಬಿಸಿಲಿಗೆ ಹಾಕಿ, ಪಕ್ಕದಲ್ಲೇ ಕಾವಲು ಕೂತಿದ್ದಾನೆ.