ಆದವಾನಿಯ ಪೇಟೆಯೂ ನಮ್ಮ ಹತ್ತಿಯೂ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬದಲಾಯಿತು, ನಾವು ಹತ್ತಿ ಮಾರುವ ಪೇಟೆ ಬದಲಾಗಲಿಲ್ಲ. ಚೆನ್ನೈ-ಮುಂಬಯಿ ರೈಲುದಾರಿಯ ಮೇಲಿನ ಈ ಪಟ್ಟಣದಲ್ಲಿ 2011ರ ಗಣತಿಯಂತೆ ಸುಮಾರು 1,66,000 ಜನರಿದ್ದರು. ಜಿನ್ನಿನವರು, ಶೇಂಗಾ ಎಣ್ಣೆಯ ಗಿರಣಿಯವರು, ದಲಾಲರು, ಹಮಾಲರು—ಇವರೆಲ್ಲರ ಅನ್ನ ಹುಟ್ಟುವುದು ನಮ್ಮ ಹೊಲಗಳಲ್ಲೇ.

ಆದರೂ ಹಸಿ ಹತ್ತಿ ಒಯ್ದವನಿಗೆ ಅಲ್ಲಿ ನಷ್ಟವೇ ಸರಿ. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಕೊಳ್ಳುವಾಗ ತೇವ ಶೇಕಡ 8 ಮೀರಿದರೆ ಬೆಲೆ ಇಳಿಸುವುದು. 12 ಮೀರಿದರೆ ಕೊಳ್ಳುವುದೇ ಇಲ್ಲ. ಆದುದರಿಂದ ರೈತಬಾಂಧವರೇ, ಇಬ್ಬನಿ ಆರಿದ ಮೇಲೆಯೇ ಹತ್ತಿ ಬಿಡಿಸಿರಿ. ಬಿಸಿಲಿಗೆ ಹರವಿ, ಎಲೆಕಸ ಆಯ್ದು, ಹುಳುಕನ್ನು ಬೇರೆ ಕಟ್ಟಿರಿ. ತೂಕದ ಚೀಟಿ ಕೈಗೆ ಬಾರದೆ ಗಾಡಿ ತಿರುಗಿಸಬೇಡಿರಿ.